ಕಾಕಾನ ವಾಕ್‌ಮನ್: ಬೆಲ್ಟ್ ಹಾಕಿದ ಮೇಲೂ ಉಳಿದ ಶ್ರುತಿಯ ಕೆಲಸ

ರೇಡಿಯೋ ಸಹ ಇರುವ ಒಂದು ಹಳೆಯ ವಾಕ್‌ಮನ್ನನ್ನು ಈ ಮಳೆಗಾಲದಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ದುರಸ್ತಿ ಮಾಡಿದೆ. ಅದರ ವಿವರವನ್ನು, ಕೈಕೊಟ್ಟ ಪ್ರಯತ್ನಗಳನ್ನೂ ಸೇರಿಸಿ, ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಯಂತ್ರ ನಮ್ಮ ಕಾಕಾನದು. ಅದರೊಳಗೆ ಸಿಕ್ಕಿಕೊಂಡಿದ್ದ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಅವರು ಮನೆಯಲ್ಲಿಯೇ ಪೇಟಿ (ಹಾರ್ಮೋನಿಯಂ) ನುಡಿಸಿಕೊಂಡು ಹಾಡಿದ ವಚನಗಳಿದ್ದವು; ಚೀಟಿಯ ಮೇಲೆ ಅವರದೇ ಅಕ್ಷರದಲ್ಲಿ 1991 ಎಂದು ಬರೆದಿತ್ತು. ಆದ್ದರಿಂದ ಚಕ್ರ ತಿರುಗಿದರೆ ಕೆಲಸ ಮುಗಿಯಿತು ಎಂದುಕೊಳ್ಳುವಂತಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥವರು ಹಿಂದೂಸ್ತಾನಿ ಶೈಲಿಯಲ್ಲಿ ವಚನ ಹಾಡಿದ್ದನ್ನು ಎದುರಿಗೆ ಕುಳಿತು ಕೇಳಿದ ಊರಿದು. ಇಲ್ಲಿ ಹಾಡು ಪೇಟಿಯ ಒಂದು ಪಟ್ಟಿಯಷ್ಟು ಮೇಲೆ ಅಥವಾ ಕೆಳಗೆ ಕೇಳಿಸಿದರೆ ಮನೆಯವರೇ ಅದನ್ನು ಒಪ್ಪುವುದಿಲ್ಲ.

ಕೈಗೆ ಬಂದಾಗ ಯಂತ್ರದ ಸ್ಥಿತಿ ಹೀಗಿತ್ತು: ಪ್ಲೇ ಗುಂಡಿ ಒತ್ತಿದರೆ ಕೆಳಗೆ ಹೋಗುತ್ತಿತ್ತು, ಆದರೆ ಏನೂ ತಿರುಗುತ್ತಿರಲಿಲ್ಲ, ರೇಡಿಯೋ ಪೂರ್ತಿ ಮೌನವಾಗಿತ್ತು, ಎರಡು ಪೆನ್ಸಿಲ್ ಸೆಲ್ ಕೂರುವ ಜಾಗದಲ್ಲಿ ಬಿಳಿ ಮತ್ತು ನೀಲಿ ಬಣ್ಣದ ಹಕ್ಕಳೆ ಕಟ್ಟಿತ್ತು. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಚಿಮಟ, 25 ವ್ಯಾಟಿನ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮತ್ತು ಒಂದು ಲ್ಯಾಪ್‌ಟಾಪ್ ನನ್ನ ಬಳಿ ಮೊದಲೇ ಇದ್ದವು. ಉಳಿದದ್ದನ್ನು ಕೊಂಡ ಲೆಕ್ಕ ಕೊನೆಯಲ್ಲಿದೆ.

ಹಂತ 1: ಸೆಲ್ ಕೂರುವ ಜಾಗ

ಸೋರಿದ ಸೆಲ್ಲಿನ ಕಸವನ್ನು ನಿಂಬೆರಸದಿಂದ ತೊಳೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಎಲ್ಲ ಸೆಲ್ಲುಗಳಿಗೂ ಹೊಂದುವುದಿಲ್ಲ. ಆಲ್ಕಲೈನ್ ಸೆಲ್ಲಿನಿಂದ ಹೊರಬರುವುದು ಕ್ಷಾರ, ಅದಕ್ಕೆ ನಿಂಬೆರಸ ಅಥವಾ ವಿನೆಗರ್ ಸರಿ. ಹಳೆಯ ಅಗ್ಗದ ಜಿಂಕ್-ಕಾರ್ಬನ್ ಸೆಲ್ಲಿನ ಸೋರಿಕೆ ಆಮ್ಲೀಯವಾಗಿರುತ್ತದೆ, ಅದಕ್ಕೆ ಅಡುಗೆ ಸೋಡಾದ ನೀರು ಬೇಕು. ಒಳಗಿದ್ದ ಸೆಲ್ಲುಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದರಿಂದ ಅವು ಯಾವ ಬಗೆಯವು ಎಂದು ಓದಿ ತಿಳಿಯುವಂತಿರಲಿಲ್ಲ. ಬಿಳಿ ಕಾಗದದ ಚೂರಿಗೆ ಅರಿಸಿನ ತಿಕ್ಕಿ, ಒಂದು ಹನಿ ನೀರಿನಲ್ಲಿ ಕಲಸಿದ ಹಕ್ಕಳೆಯನ್ನು ಅದರ ಮೇಲೆ ಇಟ್ಟೆ. ಅರಿಸಿನ ಕೂಡಲೇ ಕೆಂಪಾಯಿತು, ಅಂದರೆ ಅದು ಕ್ಷಾರ. ನಂತರ ಹತ್ತಿಕಡ್ಡಿಯಿಂದ ನಿಂಬೆರಸ ಹಚ್ಚಿ, ನೊರೆ ನಿಂತ ಮೇಲೆ ನೀರಿನಿಂದ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಿಸಿದೆ. ಋಣ ತುದಿಯ ಸ್ಪ್ರಿಂಗ್ ಮಾತ್ರ ಉಳಿಯಲಿಲ್ಲ, ಚಿಮಟ ತಾಗಿದ ಕೂಡಲೇ ತುಂಡಾಯಿತು. ಕೆಟ್ಟುಹೋದ ರಿಮೋಟಿನಿಂದ ಕಿತ್ತ ಸ್ಪ್ರಿಂಗನ್ನು ಅಲ್ಲಿ ಸೋಲ್ಡರ್ ಮಾಡಿದೆ.

ಹಂತ 2: ಬಿಚ್ಚುವುದು

ಹಿಂದಿನ ಮುಚ್ಚಳಕ್ಕೆ ಐದು ಸ್ಕ್ರೂಗಳಿದ್ದವು, ಒಂದು ಸೆಲ್ ಮುಚ್ಚಳದ ಅಡಿಯಲ್ಲಿ ಅಡಗಿತ್ತು. ಎಲ್ಲ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಆದ್ದರಿಂದ ಯಂತ್ರದ ಹೊರರೇಖೆಯನ್ನು ಒಂದು ರಟ್ಟಿನ ಮೇಲೆ ಬರೆದು, ತೆಗೆದ ಸ್ಕ್ರೂವನ್ನು ಅದರದರ ಜಾಗದಲ್ಲಿಯೇ ಚುಚ್ಚಿ ಇಟ್ಟೆ.

ಒಳಗೆ, ಮೋಟರಿನಿಂದ ಚಕ್ರಗಳನ್ನು ತಿರುಗಿಸುವ ಮೂಲ ಬೆಲ್ಟ್ ಎನ್ನುವುದು ಉಳಿದಿರಲೇ ಇಲ್ಲ. ಅದು ಬೇಸಗೆಯ ರಸ್ತೆಯ ಡಾಂಬರಿನಂತೆ ಕರಗಿ ಮೋಟರಿನ ಪುಲ್ಲಿಗೂ, ವೇಗವನ್ನು ಸಮನಾಗಿಡುವ ಭಾರದ ಚಕ್ರವಾದ ಫ್ಲೈವೀಲಿಗೂ ಅಂಟಿಕೊಂಡಿತ್ತು. ಆ ಕಾಲದ ರಬ್ಬರ್ ಬೆಲ್ಟುಗಳಲ್ಲಿ ಬಹಳಷ್ಟು ಹೀಗೆಯೇ ಆಗುತ್ತವೆ, ಯಂತ್ರವನ್ನು ಬಳಸದೆ ಇಟ್ಟರೂ ಆಗುತ್ತವೆ. ಇದನ್ನು ಬಟ್ಟೆಗೆ ತಾಗಿಸಿಕೊಂಡರೆ ಕಲೆ ಹೋಗುವುದಿಲ್ಲ. ಬೇಗ ಮುಗಿಯಲೆಂದು ಒಂದು ಮೂಲೆಯಲ್ಲಿ ಪೇಂಟ್ ಥಿನ್ನರ್ ಹಚ್ಚಿ ನೋಡಿದೆ. ಕರಿ ಅಂಟು ಹೋಯಿತು, ಜೊತೆಗೆ ಪಕ್ಕದ ಪ್ಲಾಸ್ಟಿಕ್ ಗೇರಿನ ಹೊಳಪೂ ಹೋಯಿತು. ಅದರ ಹಲ್ಲುಗಳಿಗೆ ತಾಗದಿದ್ದುದರಿಂದ ಗೇರು ಬದುಕಿತು. ಉಳಿದ ಭಾಗವನ್ನು ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಗಳಿಂದ ನಿಧಾನವಾಗಿ ಬಿಡಿಸಿದೆ. ಪುಲ್ಲಿಯ ಕಾಲುವೆಯಲ್ಲಿ ಕೂದಲೆಳೆಯಷ್ಟು ಅಂಟು ಉಳಿದರೂ ಅದು ಮುಂದೆ ಧ್ವನಿಯಲ್ಲಿ ಅಲೆಯಾಗಿ ಕೇಳಿಸುತ್ತದೆ. ಆದ್ದರಿಂದ ಕೊನೆಗೆ ಪುಲ್ಲಿಯ ಸುತ್ತ ಆಲ್ಕೋಹಾಲಿನಲ್ಲಿ ನೆನೆಸಿದ ನೂಲನ್ನು ಸುತ್ತಿ ಆಚೀಚೆ ಎಳೆದೆ.

ಹಂತ 3: ಬೆಲ್ಟ್

ಮೊದಲು ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬ ಹಿರಿಯ ಅಂಗಡಿಕಾರರು ಯಂತ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇಂಥಾವು ಒಂದ ಕಾಲಕ್ಕ ಡಜನ್ ಲೆಕ್ಕದಾಗ ಮಾರೇನ್ರೀ ಸರ್. ಈಗ ಬೆಲ್ಟ್ ಕೇಳಾವ್ರ ಇಲ್ಲ, ನಾವೂ ಇಡೂದಿಲ್ಲ" ಎಂದರು. ಕೊಪ್ಪೀಕರ ರಸ್ತೆಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟು, ತುಂಬಿಸಿಕೊಂಡು ಬರುತ್ತಿದ್ದ ದಿನಗಳ ಮಾತು ಸ್ವಲ್ಪ ಹೊತ್ತು ನಡೆಯಿತು. ಬೆಲ್ಟ್ ಮಾತ್ರ ಸಿಗಲಿಲ್ಲ.

ಮೂಲ ಬೆಲ್ಟ್ ಕರಗಿಹೋದಾಗ ಅಳತೆಯನ್ನು ಹಾದಿಯಿಂದಲೇ ಪಡೆಯಬೇಕಾಗುತ್ತದೆ. ಬೆಲ್ಟ್ ಹಾಯುವ ಎಲ್ಲ ಪುಲ್ಲಿಗಳ ಸುತ್ತ ನೂಲನ್ನು ಬಿಗಿಯಾಗಿ ಸುತ್ತಿ, ಗುರುತು ಮಾಡಿ, ಬಿಡಿಸಿ ಅಳೆದಾಗ 212 ಮಿ.ಮೀ. ಬಂತು. ಬೆಲ್ಟ್ ಹಿಗ್ಗಿ ಕೂರಬೇಕಾದ್ದರಿಂದ ಇದಕ್ಕಿಂತ ಐದರಿಂದ ಎಂಟು ಪ್ರತಿಶತ ಕಡಿಮೆ ಸುತ್ತಳತೆ ಬೇಕು. ನಾನು 198 ಮಿ.ಮೀ. ಎಂದು ನಿಗದಿಪಡಿಸಿಕೊಂಡೆ. ವ್ಯಾಸ ಲೆಕ್ಕ ಹಾಕಿದರೆ 63 ಮಿ.ಮೀ.

ಹೊಸ ಬೆಲ್ಟ್ ಬರುವವರೆಗೆ ಕೈಯಲ್ಲಿದ್ದ ವಸ್ತುಗಳನ್ನು ಪರೀಕ್ಷಿಸಿದೆ. ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿದಾಗ ಫ್ಲೈವೀಲ್ ತಿರುಗಿತು, ಮೋಟರ್ ಚೆನ್ನಾಗಿದೆ ಎಂಬುದು ತಿಳಿಯಿತು. ಆದರೆ ಬ್ಯಾಂಡಿನ ದಪ್ಪ ಎಲ್ಲೆಡೆ ಒಂದೇ ಇಲ್ಲದ್ದರಿಂದ ಹಾಡು ಏರಿಳಿಯುತ್ತ ಓಲಾಡಿತು. ನಲ್ಲಿ ಸಾಮಾನಿನ ಅಂಗಡಿಯಿಂದ ತಂದ ಓ-ರಿಂಗ್ ಸಮನಾಗಿತ್ತು, ಆದರೆ ಬಿರುಸು. ಮಲ್ಟಿಮೀಟರನ್ನು ಸೆಲ್ಲಿನ ಸರಣಿಯಲ್ಲಿ ಜೋಡಿಸಿ ನೋಡಿದಾಗ ಯಂತ್ರ 240 ಮಿಲಿಆಂಪಿಯರ್ ಎಳೆಯುತ್ತಿತ್ತು. ಸರಿಯಾದ ಬೆಲ್ಟ್ ಕೂತ ಮೇಲೆ ಇದೇ ಅಳತೆ 115ಕ್ಕೆ ಇಳಿಯಿತು. ಬೆಲ್ಟ್ ಅತಿಯಾಗಿ ಬಿಗಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ಬಿಗಿ ಬೆಲ್ಟಿನಲ್ಲಿ ಓಡಿಸುತ್ತ ಹೋದರೆ ಮೊದಲು ಸವೆಯುವುದು ಮೋಟರಿನ ಬುಷ್.

ಅಂತರ್ಜಾಲದಲ್ಲಿ 63 ಎಂದು ಬರೆದಿದ್ದ ಒಂಟಿ ಬೆಲ್ಟನ್ನು 120 ರೂಪಾಯಿ ಕೊಟ್ಟು ತರಿಸಿದೆ. ಬಂದದ್ದು ಅರ್ಧದಷ್ಟು ಪುಟ್ಟದಾಗಿ ಕಂಡಿತು. ಬೆಲ್ಟ್ ಮಾರುವವರಲ್ಲಿ ಕೆಲವರು ವ್ಯಾಸವನ್ನು ಬರೆಯುತ್ತಾರೆ, ಕೆಲವರು ಬೆಲ್ಟನ್ನು ಚಪ್ಪಟೆಯಾಗಿ ಮಡಚಿದಾಗಿನ ಉದ್ದವನ್ನು ಬರೆಯುತ್ತಾರೆ. ಮಡಚಿದ ಉದ್ದ 63 ಎಂದರೆ ಸುತ್ತಳತೆ 126 ಮಾತ್ರ. ನನಗೆ ಬೇಕಾಗಿದ್ದುದು ಮಡಚಿದ ಉದ್ದ 99. ವಿವರಣೆಯನ್ನು ಪೂರ್ತಿ ಓದದೆ ಅಂಕಿಯನ್ನಷ್ಟೇ ನೋಡಿ ಹಣ ಕೊಟ್ಟದ್ದರ ಫಲವಿದು. ನಂತರ ಬೇರೆಬೇರೆ ಅಳತೆಯ ಚೌಕ ಬೆಲ್ಟುಗಳ ಒಂದು ಪೊಟ್ಟಣವನ್ನೇ 340 ರೂಪಾಯಿಗೆ ತರಿಸಿದೆ, ಅದರಲ್ಲಿ 1.2 ಮಿ.ಮೀ. ದಪ್ಪದ್ದೊಂದು ಸರಿಯಾಗಿ ಕೂತಿತು. ಹಾಕುವಾಗ ಬೆಲ್ಟ್ ತಿರುಚಿಕೊಳ್ಳದಂತೆ ಚಿಮಟದಿಂದ ನಡೆಸಬೇಕು, ಬೆರಳಿನ ಎಣ್ಣೆ ತಾಗಬಾರದು.

ಹಂತ 4: ರೇಡಿಯೋ ಮತ್ತು ಬೋರ್ಡು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಸೆಲ್ಲಿನ ಸಂಪರ್ಕ ಸರಿಯಾದ ಕೂಡಲೇ ರೇಡಿಯೋ ತಾನಾಗಿ ಜೀವ ತಳೆಯಿತು. ಉಬ್ಬಿದಂತೆ ಕಂಡ ಎರಡು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು, 220 ಮತ್ತು 100 ಮೈಕ್ರೊಫ್ಯಾರಡಿನವುಗಳನ್ನು, ಧ್ರುವ ನೋಡಿ ಬದಲಿಸಿದೆ. ವಾಲ್ಯೂಮ್ ತಿರುಗಿಸಿದಾಗಿನ ಕರಕರ ಸದ್ದು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಗುಂಡಿಯನ್ನು ತುದಿಯಿಂದ ತುದಿಗೆ ಹತ್ತಾರು ಬಾರಿ ತಿರುಗಿಸಿದ ಮೇಲೆ ಹೋಯಿತು. ಮಧ್ಯಮ ತರಂಗದಲ್ಲಿ ಧಾರವಾಡ ನಿಲಯದ 765 ಕಿಲೋಹರ್ಟ್ಸ್ ಡಯಲ್ಲಿನ ಸರಿಯಾದ ಜಾಗದಲ್ಲಿಯೇ ಸಿಕ್ಕಿತು, ಆದ್ದರಿಂದ ರೇಡಿಯೋದ ಸುರುಳಿಗಳನ್ನು ಮುಟ್ಟಲಿಲ್ಲ. ಮೊದಲು ಕೇಳಿಸಿದ ಗುಂಯ್‌ಗುಟ್ಟುವಿಕೆ ಯಂತ್ರದ ದೋಷವಾಗಿರದೆ ಮೇಜಿನ ಮೇಲಿದ್ದ ಎಲ್ಇಡಿ ದೀಪದ್ದಾಗಿತ್ತು. ದೀಪ ಆರಿಸಿ, ಒಳಗಿನ ಫೆರೈಟ್ ಕಡ್ಡಿ ನಿಲಯಕ್ಕೆ ಅಡ್ಡಲಾಗಿ ಬರುವಂತೆ ಯಂತ್ರವನ್ನು ತಿರುಗಿಸಿಟ್ಟಾಗ ಧ್ವನಿ ತಿಳಿಯಾಯಿತು.

ಹಂತ 5: ಹೆಡ್ ಮತ್ತು ರಬ್ಬರ್ ಉರುಳೆ

ಟೇಪಿನಿಂದ ಧ್ವನಿ ಓದುವ ಹೆಡ್ಡಿನ ಮೇಲಿನ ಕಂದು ಪುಡಿಯನ್ನು ಆಲ್ಕೋಹಾಲಿನಿಂದ ಒರೆಸಿದೆ. ಟೇಪನ್ನು ಕ್ಯಾಪ್‌ಸ್ಟನ್ ದಂಡಕ್ಕೆ ಒತ್ತಿ ಎಳೆಯುವ ರಬ್ಬರ್ ಉರುಳೆ ಗಾಜಿನಂತೆ ನುಣುಪಾಗಿ ಗಟ್ಟಿಯಾಗಿತ್ತು. 600 ನಂಬರಿನ ಮರಳು ಕಾಗದದಿಂದ ಅದರ ಮೇಲ್ಪದರವನ್ನು ಸುತ್ತಲೂ ಸಮನಾಗಿ ಕೆರೆದು ಸಾಬೂನು ನೀರಿನಲ್ಲಿ ತೊಳೆದೆ. ಒಂದೇ ಕಡೆ ಕೆರೆದರೆ ಉರುಳೆ ಓರೆಯಾಗಿ ಟೇಪನ್ನು ತಿನ್ನುತ್ತದೆ, ಆದ್ದರಿಂದ ಉರುಳೆಯನ್ನು ಕೈಯಿಂದ ತಿರುಗಿಸುತ್ತ ಕಾಗದವನ್ನು ಸ್ಥಿರವಾಗಿ ಹಿಡಿದುಕೊಳ್ಳಬೇಕು. ಪರೀಕ್ಷೆಗೆ ಕಾಕಾನ ಕ್ಯಾಸೆಟ್ಟನ್ನು ಹಾಕಲಿಲ್ಲ; ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ 20 ರೂಪಾಯಿಗೊಂದರಂತೆ ಕೊಂಡ ಎರಡು ಕ್ಯಾಸೆಟ್ಟುಗಳನ್ನು ಬಳಸಿದೆ. ಆ ತೀರ್ಮಾನ ಸರಿಯಾಗಿತ್ತು, ಮೊದಲನೆಯದನ್ನು ಯಂತ್ರ ತಿಂದೇ ಬಿಟ್ಟಿತು. ಟೇಪನ್ನು ಸುತ್ತಿಕೊಳ್ಳುವ ಬದಿಯ ಗೇರಿನಲ್ಲಿ ಕರಿ ಅಂಟಿನ ಒಂದು ತುಣುಕು ಉಳಿದಿತ್ತು.

ಹಂತ 6: ಕಾಕಾನ ಕ್ಯಾಸೆಟ್

ಧಾರವಾಡದ ಮಳೆಗಾಲಗಳು ಕ್ಯಾಸೆಟ್ಟಿಗೆ ಒಳ್ಳೆಯವಲ್ಲ. ಸುರುಳಿಯ ಅಂಚಿನ ಮೇಲೆ ಬೂಷ್ಟಿನ ಬಿಳಿ ಚುಕ್ಕೆಗಳಿದ್ದವು, ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ದಿಂಡು ಅಂಟು ಒಣಗಿ ಕಳಚಿಬಿದ್ದಿತ್ತು. ಕವಚ ಸ್ಕ್ರೂ ಇಲ್ಲದ ಬೆಸುಗೆಯ ಬಗೆಯದು. ಅದನ್ನು ತೆರೆಯಬೇಕಾದರೆ ಅಂಚಿನ ಗೆರೆಗುಂಟ ಬ್ಲೇಡ್ ಹಾಯಿಸಿ ಸೀಳಬೇಕು. ಟೇಪಿನ ಎರಡೂ ಸುರುಳಿಗಳನ್ನು ಹಾಗೆಯೇ ಎತ್ತಿ, ಗುಜರಿಯಿಂದ ತಂದ ಸ್ಕ್ರೂ ಇರುವ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಿದೆ, ಅದರ ಫೆಲ್ಟ್ ದಿಂಡು ಗಟ್ಟಿಯಾಗಿತ್ತು. ಬೂಷ್ಟನ್ನು ಒಣ ಮೃದು ಬಟ್ಟೆಯಿಂದ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒರೆಸಿದೆ. ಯಂತ್ರದ ರಿವೈಂಡ್ ಮೇಲೆ ನಂಬಿಕೆಯಿಡದೆ, ಮೊದಲ ಸಲ ಪೂರ್ತಿ ಟೇಪನ್ನು ಪೆನ್ಸಿಲಿನಿಂದಲೇ ಆಚೆಗೂ ಈಚೆಗೂ ಸುತ್ತಿದೆ. ಸೆಲ್ ಉಳಿಸಲೆಂದು ಆಗ ಮಾಡುತ್ತಿದ್ದ ಕೆಲಸ, ಈಗ ಟೇಪ್ ಉಳಿಸಲೆಂದು.

ಹಂತ 7: ವೇಗ

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದ ಹಂತವಿದು. ಕ್ಯಾಸೆಟ್ಟಿನ ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಸಾಗಬೇಕು. ವೇಗ ಆರು ಪ್ರತಿಶತ ಹೆಚ್ಚಾದರೆ ಹಾಡು ಪೇಟಿಯ ಒಂದು ಪೂರ್ತಿ ಪಟ್ಟಿಯಷ್ಟು ಮೇಲೇರುತ್ತದೆ. ಇದನ್ನು ಪರೀಕ್ಷಿಸಲು 3150 ಹರ್ಟ್ಸ್ (ಸೆಕೆಂಡಿಗೆ 3150 ಕಂಪನ) ಸುರವಿರುವ ಪರೀಕ್ಷಾ ಕ್ಯಾಸೆಟ್ಟುಗಳಿವೆ. ಅವುಗಳ ಬೆಲೆ ಈ ಇಡೀ ಕೆಲಸದ ಖರ್ಚನ್ನು ಮೀರುತ್ತದೆ. ಬೇರೊಂದು ಡೆಕ್‌ನಲ್ಲಿ ನಾವೇ ಸುರ ತುಂಬಿಕೊಳ್ಳಬಹುದು ಎನ್ನುವವರಿಗೆ, ಆ ಡೆಕ್‌ನ ವೇಗವನ್ನು ಯಾವುದರಿಂದ ಅಳೆದಿರಿ ಎಂದು ಕೇಳಬೇಕಾಗುತ್ತದೆ.

ನಾನು ಗಡಿಯಾರದಿಂದ ಆರಂಭಿಸಿದೆ. ಕಂಪನಿಯೊಂದು ಹೊರತಂದ ಖಯಾಲ್ ಕ್ಯಾಸೆಟ್ಟಿನ ಚೀಟಿಯಲ್ಲಿ ಒಂದು ರಾಗಕ್ಕೆ 21 ನಿಮಿಷ 40 ಸೆಕೆಂಡು ಎಂದಿತ್ತು. ನಮ್ಮ ಯಂತ್ರದಲ್ಲಿ ಅದು 20 ನಿಮಿಷ 21 ಸೆಕೆಂಡಿಗೆ ಮುಗಿಯಿತು, ಅಂದರೆ ಆರೂವರೆ ಪ್ರತಿಶತ ವೇಗ ಹೆಚ್ಚು. ಹೊಸ ಬೆಲ್ಟ್ ಮೂಲಕ್ಕಿಂತ ದಪ್ಪವಾಗಿದ್ದು ಮೋಟರಿನ ಚಿಕ್ಕ ಪುಲ್ಲಿಯ ಮೇಲೆ ಎತ್ತರದಲ್ಲಿ ಕೂರುವುದರಿಂದ ಒಂದಿಷ್ಟು ವೇಗ ಅಲ್ಲಿಯೇ ಏರಿರುತ್ತದೆ. ಮೋಟರಿನ ಬೆನ್ನ ಮೇಲಿನ ಸಣ್ಣ ರಂಧ್ರದೊಳಗೆ ವೇಗದ ಸ್ಕ್ರೂ ಇದೆ. ಅದರ ಮೂಲ ಸ್ಥಾನವನ್ನು ಮಾರ್ಕರಿನಿಂದ ಗುರುತಿಸಿ, ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಪೂರ್ತಿ ರಾಗ ಓಡಿಸಿ ಅಳೆಯುತ್ತ, ಕೊನೆಗೆ 21 ನಿಮಿಷ 38 ಸೆಕೆಂಡಿಗೆ ತಂದೆ. ಚಿಕ್ಕ ಹಾಡಿನಿಂದ ಈ ಅಳತೆ ಮಾಡಬಾರದು. ಇಪ್ಪತ್ತು ನಿಮಿಷದಲ್ಲಿ ಒಂದು ಪ್ರತಿಶತ ಎಂದರೆ 12 ಸೆಕೆಂಡು, ನಾಲ್ಕು ನಿಮಿಷದ ಹಾಡಿನಲ್ಲಿ 2.4 ಸೆಕೆಂಡು ಮಾತ್ರ, ಅಷ್ಟು ತಪ್ಪು ಬೆರಳಿನಿಂದಲೇ ಆಗುತ್ತದೆ.

ಇಷ್ಟಾದ ಮೇಲೆ ಕಾಕಾನ ಕ್ಯಾಸೆಟ್ ಹಾಕಿದೆ. ಅವ್ವ ಒಂದು ಸಾಲು ಕೇಳಿ, "ನಿಮ್ಮ ಕಾಕಾ ಇಷ್ಟ ಇಳಿಸಿ ಹಾಡತಿದ್ದಿಲ್ಲೋ" ಎಂದಳು. ಯಂತ್ರ ಸರಿಯಿದ್ದರೂ, 1991ರಲ್ಲಿ ಆ ಕ್ಯಾಸೆಟ್ಟನ್ನು ತುಂಬಿದ ಮನೆಯ ಟೂ-ಇನ್-ಒನ್ (ರೇಡಿಯೋ ಮತ್ತು ಟೇಪ್‌ರೆಕಾರ್ಡರ್ ಕೂಡಿದ ಯಂತ್ರ) ಸರಿಯಾದ ವೇಗದಲ್ಲಿ ಓಡಿತ್ತು ಎನ್ನಲು ಆಧಾರವಿರಲಿಲ್ಲ.

ಆ ಟೂ-ಇನ್-ಒನ್ ಕರೆಂಟಿನ ಮೇಲೆ ನಡೆಯುತ್ತಿದ್ದುದರಿಂದ ಹಾಡಿನ ಹಿಂದೆ ಒಂದು ಸಣ್ಣ ಗುಂಯ್ ಸದ್ದು ಟೇಪಿನಲ್ಲಿಯೇ ಉಳಿದಿತ್ತು. ಕರೆಂಟು 50 ಹರ್ಟ್ಸ್, ಆ ಗುಂಯ್ 50 ಅಥವಾ ಅದರ ದುಪ್ಪಟ್ಟು 100ಕ್ಕೆ ಬರುವಂತೆ ವೇಗ ಸರಿಪಡಿಸಿದರೆ ಸಾಕು ಎಂದು ಯೋಚಿಸಿ, ಯಂತ್ರವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಆಡಾಸಿಟಿ ತಂತ್ರಾಂಶದಲ್ಲಿ ಆವರ್ತನದ ಚಿತ್ರ ತೆಗೆದೆ. 100ರಲ್ಲಿ ಎತ್ತರದ ಶಿಖರ ಆಗಲೇ ಕಾಣಿಸಿತು! ವೇಗದ ಸ್ಕ್ರೂ ತಿರುಗಿಸಿದೆ, ಶಿಖರ ಕದಲಲಿಲ್ಲ. ಅದು ಟೇಪಿನದಾಗಿರದೆ, ಸೆಲ್ ಉಳಿಸಲೆಂದು ಯಂತ್ರಕ್ಕೆ ನಾನು ಚುಚ್ಚಿದ್ದ ಅಡಾಪ್ಟರಿನ ಗುಂಯ್ ಆಗಿತ್ತು. ಅಡಾಪ್ಟರ್ ತೆಗೆದು, ಲ್ಯಾಪ್‌ಟಾಪನ್ನೂ ಚಾರ್ಜರಿನಿಂದ ಬಿಡಿಸಿ, ಸೆಲ್ ಮೇಲೆ ಓಡಿಸಿದಾಗ ಟೇಪಿನ ನಿಜವಾದ ಶಿಖರ 94.2ರಲ್ಲಿ ಸಿಕ್ಕಿತು. ಅದನ್ನು 100ಕ್ಕೆ ಏರಿಸಿ ಅವ್ವನನ್ನು ಕರೆದೆ. "ಈಗ ಭಾಳ ಏರಿತು" ಎಂದಳು.

ಅವಳ ಕಿವಿಯನ್ನು ಅನುಮಾನಿಸುವ ಮೊದಲು ಗ್ರಿಡ್ಡನ್ನು, ಅಂದರೆ ಕರೆಂಟು ಹಂಚುವ ಜಾಲವನ್ನು, ಅನುಮಾನಿಸಬೇಕಿತ್ತು. ಇಂದು ಕರೆಂಟಿನ ಆವರ್ತನ 50ರ ಬಳಿಯೇ ಇರುತ್ತದೆ; ಆದರೆ ಆ ದಶಕಗಳಲ್ಲಿ ವಿದ್ಯುತ್ತಿನ ಕೊರತೆಯಿಂದ ದಕ್ಷಿಣದ ಗ್ರಿಡ್ 48ರ ಆಸುಪಾಸಿಗೆ ಇಳಿಯುವುದು ಸಾಮಾನ್ಯವಾಗಿತ್ತು. 2003ರಲ್ಲಿ ಆವರ್ತನ ಕೆಡಿಸಿದವರಿಗೆ ದುಬಾರಿ ದರ ವಿಧಿಸುವ ಪದ್ಧತಿ ಬಂದ ಮೇಲೆ ಅದು ಸುಧಾರಿಸಿತು, 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದೊಂದಿಗೆ ಕೂಡಿಕೊಂಡಿತು. 1991ರ ಒಂದು ಸಂಜೆಯ ಗುಂಯ್ ಸದ್ದನ್ನು ಅಳತೆಗೋಲಾಗಿ ಹಿಡಿಯುವುದು ಸಾಧ್ಯವಿರಲಿಲ್ಲ.

ನಿಜವಾದ ಅಳತೆಗೋಲು ಅಟ್ಟದ ಮೇಲಿತ್ತು. ಕಾಕಾ ನುಡಿಸಿದ ಪೇಟಿ ಇನ್ನೂ ನಮ್ಮಲ್ಲಿದೆ, ಅದರ ರೀಡುಗಳನ್ನು ಇದುವರೆಗೆ ಯಾರೂ ಕೆರೆದು ಶ್ರುತಿ ಬದಲಿಸಿಲ್ಲ. ಅವರು ಹಾಡುತ್ತಿದ್ದುದು ಕರಿ ಒಂದರಲ್ಲಿ, ಅಂದರೆ ಪೇಟಿಯ ಮೊದಲ ಕರಿ ಪಟ್ಟಿಯನ್ನು ಷಡ್ಜವಾಗಿಟ್ಟುಕೊಂಡು. ಆ ಪಟ್ಟಿಯನ್ನು ಒತ್ತಿ, ತಿದಿಯನ್ನು ಮೆಲ್ಲಗೆ ಒಂದೇ ಸಮನೆ ಊದುತ್ತ ಅಳೆದಾಗ 278.6 ಹರ್ಟ್ಸ್ ಬಂತು. ಜೋರಾಗಿ ಊದಿದರೆ ರೀಡಿನ ಸುರ ತುಸು ಸರಿಯುತ್ತದೆ, ಆದ್ದರಿಂದ ಬೇರೆಬೇರೆ ಹೊತ್ತಿನಲ್ಲಿ ಅಳೆದು ನೋಡಿದೆ. ವೇಗದ ಸ್ಕ್ರೂವನ್ನು ಖಯಾಲಿಗೆ ಹೊಂದಿಸಿದ್ದ ಸ್ಥಾನಕ್ಕೆ ತಂದು ನೋಡಿದರೆ, ಟೇಪಿನ ಆರಂಭದಲ್ಲಿ ಕಾಕಾ ಒತ್ತಿಹಿಡಿದ ಅದೇ ಪಟ್ಟಿ 271.0ರಲ್ಲಿ ಕೇಳಿಸುತ್ತಿತ್ತು. ಎರಡು ಪಟ್ಟಿಗಳ ನಡುವಿನ ಅಂತರದ ಹೆಚ್ಚುಕಡಿಮೆ ಅರ್ಧದಷ್ಟು ಇಳಿದಿತ್ತು. ಅವ್ವ ಹೇಳಿದ್ದು ಅದನ್ನೇ. ವೇಗವನ್ನು 2.8 ಪ್ರತಿಶತ ಏರಿಸಿದಾಗ ಪೇಟಿ ಪೇಟಿಗೆ ಕೂಡಿತು. ಆಗ ಗುಂಯ್ ಸದ್ದಿನ ಶಿಖರ ನೋಡಿದರೆ 96.8, ಅಂದರೆ ಆ ಸಂಜೆ ಧಾರವಾಡದಲ್ಲಿ ಕರೆಂಟು 48.4 ಹರ್ಟ್ಸ್‌ನಲ್ಲಿ ಹರಿಯುತ್ತಿತ್ತು. ಅದನ್ನು 50 ಎಂದು ನಂಬಿ ಸರಿಪಡಿಸಿದಾಗ ಹಾಡು ಅರ್ಧ ಪಟ್ಟಿಗಿಂತ ತುಸು ಹೆಚ್ಚೇ ಮೇಲೇರಿದ್ದು ಸಹಜವೇ.

ವೇಗ ಕೂಡಿದ ಮೇಲೆ ಹೆಡ್ಡಿನ ಓರೆಯನ್ನು ಈ ಟೇಪಿಗೆ ಹೊಂದಿಸಿದೆ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ತಿರುಗಿಸುತ್ತ, ವಚನದಲ್ಲಿ ಸಕಾರ ಶಕಾರಗಳು ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತವೆಯೋ ಅಲ್ಲಿ ನಿಲ್ಲಿಸಿ, ಒಂದು ಹನಿ ಉಗುರು ಬಣ್ಣ ಹಾಕಿ ಕೂರಿಸಿದೆ.

ಹಂತ 8: ವರ್ಗಾವಣೆ, ಖರ್ಚು, ಉಳಿದ ಕೆಲಸ

ಎರಡೂ ಬದಿಗಳನ್ನು ಲ್ಯಾಪ್‌ಟಾಪಿನಲ್ಲಿ ವೇವ್ ಕಡತವಾಗಿ ಉಳಿಸಿದೆ. ಅರ್ಧ ಗಂಟೆಯ ಒಂದು ಬದಿ 300 ಮೆಗಾಬೈಟಿನಷ್ಟಾಯಿತು. ವೇಗವನ್ನು ತಂತ್ರಾಂಶದಲ್ಲಿಯೇ ಸರಿಪಡಿಸಬಹುದಿತ್ತು, ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ಅವ್ವನಿಗೆ ಲ್ಯಾಪ್‌ಟಾಪ್ ಬೇಡ, ಇಯರ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿ ಕೇಳಬೇಕು. ಆದ್ದರಿಂದ ಮೋಟರಿನ ಬೆನ್ನ ಮೇಲೆ ಎರಡು ಗುರುತು ಮಾಡಿದ್ದೇನೆ: ಬಿಳಿ ಗೆರೆ ಕಂಪನಿ ಕ್ಯಾಸೆಟ್ಟುಗಳಿಗೆ, ಕೆಂಪು ಗೆರೆ ಕಾಕಾನದಕ್ಕೆ. ಸದ್ಯ ಸ್ಕ್ರೂ ಕೆಂಪಿನಲ್ಲಿದೆ. ಚಾರ್ಜ್ ಮಾಡುವ ಸೆಲ್ಲುಗಳೂ ನಡೆಯುತ್ತವೆ, ಎರಡರ ಒಟ್ಟು ವೋಲ್ಟೇಜ್ 2.2ಕ್ಕಿಂತ ಕೆಳಗಿಳಿದಾಗ ಮಾತ್ರ ವೇಗ ಕುಸಿಯುತ್ತದೆ.

ಖರ್ಚು ಹೀಗಿದೆ: ತಪ್ಪು ಅಳತೆಯ ಬೆಲ್ಟ್ 120, ಬೆಲ್ಟುಗಳ ಪೊಟ್ಟಣ 340, ಓ-ರಿಂಗ್ 10, ಕೆಪಾಸಿಟರ್ 30, ಆಲ್ಕೋಹಾಲ್ 110, ಕಾಂಟ್ಯಾಕ್ಟ್ ಕ್ಲೀನರ್ 220, ಗುಜರಿ ಕ್ಯಾಸೆಟ್ 40, ಉಗುರು ಬಣ್ಣ 35, ಒಟ್ಟು 905 ರೂಪಾಯಿ. ಯಂತ್ರದ ಇಂದಿನ ಗುಜರಿ ಬೆಲೆ ಇದರ ಹತ್ತಿರವೂ ಬರುವುದಿಲ್ಲ.

ಟೇಪ್ ಕೊನೆಗೆ ಮುಟ್ಟಿದಾಗ ಗುಂಡಿ ತಾನಾಗಿ ಮೇಲೇಳುವ ವ್ಯವಸ್ಥೆ ಇನ್ನೂ ಕೆಲಸ ಮಾಡುತ್ತಿಲ್ಲ. ಥಿನ್ನರ್ ತಾಗಿದ ಗೇರೇ ಅದನ್ನು ನಡೆಸುತ್ತದೆ ಎಂಬುದನ್ನು ಎಲ್ಲ ಮುಚ್ಚಿದ ಮೇಲೆ ಗಮನಿಸಿದೆ. ಬೇರೆ ಗೇರು ಸಿಗುವವರೆಗೆ, ಬದಿ ಮುಗಿದ ಕೂಡಲೇ ಸ್ಟಾಪ್ ಒತ್ತಬೇಕೆಂದು ಅವ್ವನಿಗೆ ಹೇಳಿಟ್ಟಿದ್ದೇನೆ.